ಅಂಗಡಿಯ ಹೆಸರು ಯಾರ ಸೊತ್ತು?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹೊರಟು ಕಮರ್ಷಿಯಲ್ ಬೀದಿಯ ತುದಿಯವರೆಗೆ ಹಲಗೆಗಳನ್ನು ಓದುತ್ತ ನಡೆಯುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುವುದು. ಅಂಗಡಿಗಳು ನೂರಾರು, ಹೆಸರುಗಳ ಬಗೆಗಳು ಮಾತ್ರ ನಾಲ್ಕೈದು. ದೇವರ ಹೆಸರು, ಊರಿನ ಹೆಸರು, ಹಿರಿಯರ ಹೆಸರು, ಮಗಳ ಹೆಸರು. ಇವಾವುವೂ ಅಲ್ಲದಿದ್ದರೆ ‘ನ್ಯೂ’, ‘ರಾಯಲ್’, ‘ಡಿಲಕ್ಸ್’ ಎಂಬ ಆಂಗ್ಲ ವಿಶೇಷಣ. ಹೆಸರಿಡುವ ಮೊದಲು ಪಂಚಾಂಗವನ್ನು ನೋಡುವವರುಂಟು, ಅಕ್ಷರಗಳ ಸಂಖ್ಯೆಯನ್ನು ಎಣಿಸಿ ಒಂದು ‘ಎಚ್’ ಕೂಡಿಸುವವರೂ ಉಂಟು. ಆ ಹೆಸರು ಮುಂದೆ ತಮ್ಮದಾಗಿಯೇ ಉಳಿಯುವುದೋ ಇಲ್ಲವೋ ಎಂದು ವಿಚಾರಿಸುವವರು ಮಾತ್ರ ಬಲು ವಿರಳ.

ಇದು ದೊಡ್ಡ ವರ್ತಕರ ಚಿಂತೆಯೆಂದು ಗೃಹಸ್ಥರಾದ ವಾಚಕರು ಪುಟವನ್ನು ಮಗುಚಬಾರದು. ಹಲಸೂರಿನ ಓಣಿಗಳಲ್ಲಾಗಲಿ ಕೃಷ್ಣರಾಜಪುರದ ಹೊಸ ಬಡಾವಣೆಗಳಲ್ಲಾಗಲಿ ಇಂದು ಮನೆಯಿಂದಲೇ ನಡೆಯುವ ವ್ಯಾಪಾರವು ಎಷ್ಟೆಂಬುದು ಎಲ್ಲರಿಗೂ ವಿದಿತವೇ ಆಗಿದೆ. ಒಬ್ಬಾಕೆ ಚಟ್ನಿಪುಡಿ ಹಪ್ಪಳಗಳನ್ನು ಮಾಡಿ ಕಳುಹಿಸುತ್ತಾಳೆ. ಇನ್ನೊಬ್ಬಾಕೆ ಹುಟ್ಟುಹಬ್ಬದ ಕೇಕು ಮಾಡುತ್ತಾಳೆ. ಮತ್ತೊಬ್ಬರು ಮಹಡಿಯ ಮೇಲೆ ಸಂಗೀತವನ್ನೋ ಗಣಿತವನ್ನೋ ಕಲಿಸುತ್ತಾರೆ. ಇವರೆಲ್ಲರೂ ಮೊದಲು ಮಾಡುವ ಕೆಲಸವು ಒಂದು ಹೆಸರನ್ನು ಆರಿಸಿ, ಅದರ ಕೆಳಗೆ ಒಂದು ಚಂದದ ವಾಕ್ಯವನ್ನು ಬರೆಯಿಸಿ, ಚೀಟಿ ಅಚ್ಚುಹಾಕಿಸುವುದು. ಐದಾರು ವರ್ಷಗಳ ತರುವಾಯ ಗಿರಾಕಿಗಳು ‘ಆ ಪುಡಿಯೇ ಬೇಕು’ ಎಂದು ಕೇಳುವಂತಾದಾಗ, ಆ ವ್ಯಾಪಾರದಲ್ಲಿರುವ ನಿಜವಾದ ಆಸ್ತಿಯು ಒರಳೂ ಅಲ್ಲ, ಒಲೆಯೂ ಅಲ್ಲ, ಆ ಹೆಸರೇ. ಆದರೆ ಮನೆಗೆ ಪತ್ರವುಂಟು, ಒಡವೆಗೆ ರಸೀದಿಯುಂಟು, ಹೆಸರಿಗೆ ಏನೂ ಇಲ್ಲ ಎಂಬ ಸ್ಥಿತಿ ಸಾಮಾನ್ಯವಾಗಿರುವುದು.

ಹೆಸರಿಗಾಗಿ ಎಂತಹ ವ್ಯಾಜ್ಯ ನಡೆಯಬಹುದೆಂಬುದಕ್ಕೆ ನಮ್ಮ ಊರಿನಲ್ಲಿಯೇ ಹುಟ್ಟಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿದ ಒಂದು ಪ್ರಕರಣವನ್ನು ಕೊಂಚ ವಿವರವಾಗಿ ಹೇಳಬೇಕು. ಅದರಲ್ಲಿ ಹೆಸರೂ ಇದೆ, ಘೋಷವಾಕ್ಯವೂ ಇದೆ, ಆ ಕೂಡಿಸಿದ ‘ಎಚ್’ ಕೂಡ ಇದೆ.

ಕರ್ನಾಟಕ ಹಾಲು ಮಹಾಮಂಡಳವು ‘ನಂದಿನಿ’ ಎಂಬ ಹೆಸರನ್ನು 1985ರಿಂದ ಬಳಸುತ್ತ ಬಂದಿತು. ಹಾಲು, ಮೊಸರು, ತುಪ್ಪ, ಪೇಡ ಮುಂತಾದುವುಗಳ ಮೇಲೆ ಹಸುವಿನ ಚಿತ್ರದೊಡನೆ ಆ ಹೆಸರು ಅಚ್ಚಾಗಿರುವುದನ್ನು ನಾಡಿನ ಮಕ್ಕಳು ಕೂಡ ಬಲ್ಲರು. ನಾಲ್ಕು ವರ್ಷಗಳ ಮೇಲೆ, 1989ರಲ್ಲಿ, ಬೆಂಗಳೂರಿನ ಒಂದು ಭೋಜನಶಾಲೆಯವರು ‘ನಂಧಿನಿ ಡಿಲಕ್ಸ್’ ಎಂಬ ಹೆಸರಿಟ್ಟುಕೊಂಡು ವ್ಯಾಪಾರವನ್ನಾರಂಭಿಸಿದರು. ಆಂಗ್ಲ ಅಕ್ಷರದಲ್ಲಿ ಬರೆಯುವಾಗ ಒಂದು ‘ಎಚ್’ ಹೆಚ್ಚು; ಪಕ್ಕದಲ್ಲಿ ಒಂದು ದೀಪದ ಚಿತ್ರ; ಜತೆಗೆ ‘ದಿ ರಿಯಲ್ ಸ್ಪೈಸ್ ಆಫ್ ಲೈಫ್’, ಎಂದರೆ ಬಾಳಿನ ನಿಜವಾದ ಮಸಾಲೆ, ಎಂಬ ಘೋಷವಾಕ್ಯ. ಮಾಂಸ, ಮೀನು, ಬೇಯಿಸಿದ ತರಕಾರಿ ಮುಂತಾದ ತಮ್ಮ ತಿನಿಸುಗಳಿಗಾಗಿ ಈ ಮುದ್ರೆಯನ್ನು ರಿಜಿಸ್ಟರು ಮಾಡಿಕೊಡಬೇಕೆಂದು ಅವರು ಅರ್ಜಿ ಹಾಕಿದರು. ಮಹಾಮಂಡಳವು ಇದಕ್ಕೆ ಆಕ್ಷೇಪವೆತ್ತಿತು. ಜನರು ಇದನ್ನೂ ನಮ್ಮದೇ ಎಂದು ಭ್ರಮಿಸುವರು. ನಾವು ಗಳಿಸಿದ ಕೀರ್ತಿಯನ್ನು ಇವರು ಉಣ್ಣುವರು, ಎಂಬುದು ಅವರ ವಾದ.

ಕೆಳಗಿನಿಂದ ಮೇಲಿನವರೆಗೆ ಈ ಪ್ರಕರಣವು ಹೊರಳಿದ ಬಗೆ ವಿಚಿತ್ರವಾಗಿದೆ. 2007ರಲ್ಲಿ ಡೆಪ್ಯುಟಿ ರಿಜಿಸ್ಟ್ರಾರರು ಮಹಾಮಂಡಳದ ಆಕ್ಷೇಪವನ್ನು ತಳ್ಳಿಹಾಕಿ ಭೋಜನಶಾಲೆಯ ಕಡೆಗೆ ತೀರ್ಪಿತ್ತರು. 2011ರಲ್ಲಿ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಲಿಯು ಅದನ್ನು ತಿರುಗಿಸಿ ಮಹಾಮಂಡಳದ ಕಡೆಗೆ ಹೇಳಿತು. 2014ರಲ್ಲಿ ನಮ್ಮ ಹೈಕೋರ್ಟು ಮಂಡಲಿಯ ಮಾತನ್ನೇ ಎತ್ತಿಹಿಡಿಯಿತು. ಕಡೆಗೆ 2018ರ ಜುಲೈ 26ರಂದು ನ್ಯಾಯಮೂರ್ತಿ ಸಿಕ್ರಿ ಮತ್ತು ನ್ಯಾಯಮೂರ್ತಿ ಅಶೋಕ ಭೂಷಣರು ಎಲ್ಲವನ್ನೂ ಮತ್ತೊಮ್ಮೆ ತಿರುಗಿಸಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವುಗಳಿಗೆ ಭೋಜನಶಾಲೆಯ ಮುದ್ರೆಯನ್ನು ರಿಜಿಸ್ಟರು ಮಾಡಬಹುದೆಂದು ತೀರ್ಮಾನಿಸಿದರು. ಮೊದಲನೆಯ ತೀರ್ಪಿನಿಂದ ಕಡೆಯ ತೀರ್ಪಿಗೆ ಹನ್ನೊಂದು ವರ್ಷ. ಅರ್ಜಿ, ಆಕ್ಷೇಪಗಳ ಕಾಲ ಅದಕ್ಕೂ ಹಿಂದಿನದು.

ಆ ತೀರ್ಪಿನ ಕಾರಣಗಳನ್ನು ಪ್ರತಿಯೊಬ್ಬ ಸಣ್ಣ ವರ್ತಕನೂ ತಿಳಿದಿರುವುದು ಒಳ್ಳೆಯದು. ಮೊದಲನೆಯದಾಗಿ, ‘ನಂದಿನಿ’ ಎಂಬುದು ಯಾರೋ ಕಟ್ಟಿದ ಹೊಸ ಶಬ್ದವಲ್ಲ. ಪುರಾಣದ ಧೇನುವಿನ ಹೆಸರದು, ದೇವಿಯ ಹೆಸರೂ ಹೌದು. ಎಲ್ಲರ ನಾಲಗೆಯ ಮೇಲೂ ಇರುವ ಶಬ್ದವನ್ನು ಒಬ್ಬರೇ ಬೇಲಿ ಹಾಕಿ ಸುತ್ತಿಕೊಳ್ಳುವಂತಿಲ್ಲ. ಎರಡನೆಯದಾಗಿ, ನೋಟದಲ್ಲಿ ಒಂದಕ್ಕೊಂದಕ್ಕೆ ಹೋಲಿಕೆ ಸಾಲದು. ಅಲ್ಲಿ ಹಸು, ಇಲ್ಲಿ ದೀಪ. ಮೂರನೆಯದು ಬಹು ಮುಖ್ಯವಾದುದು. ಸರಕುಗಳು ಕಾಯಿದೆಯ ಒಂದೇ ವರ್ಗದಲ್ಲಿ ಬಂದ ಮಾತ್ರಕ್ಕೆ ಆ ವರ್ಗವೆಲ್ಲವೂ ಮೊದಲು ಬಂದವನ ಸೊತ್ತಾಗುವುದಿಲ್ಲ. ಹಾಲು ಮಾರುವವನು ಮೀನಿನ ಸಾರಿನ ಮೇಲೆ ಹಕ್ಕು ಕೇಳಲಾಗದು. ಹೈದರಾಬಾದಿನ ‘ಚಾರ್‌ಮಿನಾರ್’ ಸಿಗರೇಟಿನವರು ಹೊಗೆಸೊಪ್ಪಿನ ಇತರ ಪದಾರ್ಥಗಳ ಮೇಲೆಯೂ ಒಡೆತನವನ್ನು ಸಾಧಿಸಿದ್ದಾಗ ಅದೇ ನ್ಯಾಯಾಲಯವು 1996ರಲ್ಲಿ ಇದೇ ಮಾತನ್ನು ಹೇಳಿತ್ತು. ನಾಲ್ಕನೆಯದಾಗಿ, 1985ಕ್ಕೂ 1989ಕ್ಕೂ ನಡುವೆ ಅಂತರವು ಅಲ್ಪ. ಅಷ್ಟರಲ್ಲಿ ‘ನಂದಿನಿ ಎಂದರೆ ಮಹಾಮಂಡಳವೇ’ ಎಂಬಷ್ಟು ಪ್ರಸಿದ್ಧಿ ಬೇರೂರಿತ್ತೆಂದು ಹೇಳುವುದು ಕಷ್ಟ.

ಭೋಜನಶಾಲೆಯು ಗೆದ್ದಿತೆಂಬುದು ನಿಜ. ಆದರೂ ಈ ಕಥೆಯನ್ನು ಕೇಳಿ ‘ಹಾಗಾದರೆ ಹೆಸರುವಾಸಿಯಾದ ಯಾವ ಹೆಸರನ್ನಾದರೂ ಒಂದಕ್ಷರ ಬದಲಿಸಿ ಇಟ್ಟುಕೊಳ್ಳಬಹುದು’ ಎಂದು ತಿಳಿಯುವವನು ದುಡುಕುತ್ತಾನೆ. ಬೆಂಗಳೂರಿನವರದೇ ಆದ ಇನ್ನೊಂದು ಪ್ರಕರಣವು ಇದಕ್ಕೆ ಸಾಕ್ಷಿ. ಇಲ್ಲಿನ ಆಶಿಕಾ ಎಂಬ ಊದುಬತ್ತಿಯ ಸಂಸ್ಥೆಯವರು ತಮ್ಮ ಒಂದು ಬಗೆಯ ಬತ್ತಿಗೆ ‘ಈನಾಡು’ ಎಂದು ಹೆಸರಿಟ್ಟರು. ಕನ್ನಡಿಗರಿಗೆ ಇದು ‘ಈ ನಾಡು’ ಎಂಬ ಸರಳವಾದ ಮಾತು. ಆದರೆ ತೆಲುಗಿನಲ್ಲಿ ಅದಕ್ಕೆ ‘ಇಂದು’ ಎಂದು ಅರ್ಥ. ಅದಕ್ಕಿಂತ ಹೆಚ್ಚಾಗಿ, ಅದು ಆಂಧ್ರದ ಮನೆಮನೆಯನ್ನೂ ಮುಟ್ಟುವ ಒಂದು ದಿನಪತ್ರಿಕೆಯ ಹೆಸರು. ಪತ್ರಿಕೆಗೂ ಊದುಬತ್ತಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನವರೂ ಹಾಗೆಯೇ ಕೇಳಿದರು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆ ಮಾತನ್ನು ಒಪ್ಪಲಿಲ್ಲ. ತೆಲುಗು ನಾಡಿನಲ್ಲಿ ಆ ಹೆಸರಿಗಿರುವ ಕೀರ್ತಿಯ ಬೆನ್ನೇರಿ ಸರಕು ಸಾಗಿಸಲು ಸಲ್ಲದೆಂದು ಹೇಳಿ, ಅಂದಿನ ಆಂಧ್ರಪ್ರದೇಶದ ಎಲ್ಲೆಯೊಳಗೆ ಆ ಹೆಸರನ್ನು ಬಳಸಬಾರದೆಂದು ತಡೆಯಿತು. ಒಂದೇ ಶಬ್ದವು ಒಂದು ಭಾಷೆಯಲ್ಲಿ ಎಲ್ಲರದೂ ಆಗಿದ್ದು, ಗಡಿಯನ್ನು ದಾಟಿದೊಡನೆ ಒಬ್ಬನ ಸೊತ್ತಾಗಬಹುದೆಂಬುದು ದಂಡಿನಂತಹ ಐದಾರು ಭಾಷೆಗಳ ಪೇಟೆಯಲ್ಲಿ ಹೆಸರಿಡುವವರಿಗೆ ಮರೆಯಬಾರದ ವಿಷಯ.

ಊದುಬತ್ತಿಯ ಪ್ರಸ್ತಾಪ ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬಹುದು. 2015ರಲ್ಲಿ ಅದೇ ನ್ಯಾಯಾಲಯವು ‘ರಾಮಾಯಣ’ ಎಂಬ ಹೆಸರನ್ನು ಊದುಬತ್ತಿಗೆ ಒಬ್ಬನೇ ಕಟ್ಟಿಕೊಳ್ಳಲಾಗದೆಂದು ತೀರ್ಪಿತ್ತಿತು. ಪವಿತ್ರಗ್ರಂಥದ ಹೆಸರು ಎಲ್ಲರದು.

ಇನ್ನು ಕಾಯಿದೆಯ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಇಂಗ್ಲೆಂಡಿನಲ್ಲಿ ವ್ಯಾಪಾರಮುದ್ರೆಗಳ ರಿಜಿಸ್ಟರು ತೆರೆದುದು 1876ರಲ್ಲಿ. ಅದರಲ್ಲಿ ಮೊದಲು ಏರಿದುದು ಬಾಸ್ ಎಂಬ ಬಿಯರು ತಯಾರಕರ ಕೆಂಪು ತ್ರಿಕೋನ. ಬ್ರಿಟಿಷ್ ಇಂಡಿಯದಲ್ಲಿ 1940ರ ಆಕ್ಟು ಬರುವವರೆಗೆ ಅಂತಹ ರಿಜಿಸ್ಟರೇ ಇರಲಿಲ್ಲ. ವರ್ತಕನು ‘ಈ ಗುರುತು ನನ್ನದು’ ಎಂದು ಒಂದು ಘೋಷಣಾಪತ್ರವನ್ನು ಬರೆದು ದಸ್ತಾವೇಜಿನ ಕಚೇರಿಯಲ್ಲಿ ನೋಂದಾಯಿಸಿ, ವೃತ್ತಪತ್ರಿಕೆಯಲ್ಲಿ ಎಚ್ಚರಿಕೆಯ ಪ್ರಕಟಣೆ ಕೊಟ್ಟು ಸುಮ್ಮನಾಗುತ್ತಿದ್ದನು. ನಮ್ಮ ಊರಿನಲ್ಲಂತೂ ಆಗ ಎರಡು ಆಡಳಿತ. ಪೇಟೆಯು ಮೈಸೂರು ಮಹಾರಾಜರದು. ಹಲಸೂರು, ಇಂದಿನ ಶಿವಾಜಿನಗರಗಳನ್ನೊಳಗೊಂಡ ದಂಡು 1881ರಿಂದ 1947ರ ಜುಲೈ 26ರವರೆಗೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲಿತ್ತು. ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆದುದು 1949ರಲ್ಲಿ. ಅಂತಹ ಕಾಲದಲ್ಲಿಯೂ ಹೆಸರುಗಳು ನಿಂತವೆಂಬುದು ಆಶ್ಚರ್ಯ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿಯು 1902ರದು. ಬ್ರಿಗೇಡ್ ರಸ್ತೆಗೆ ನೀಲ್‌ಗಿರೀಸ್ ಬಂದುದು 1936ರಲ್ಲಿ. ಆ ಕಾಲದಲ್ಲಿ ಹೆಸರನ್ನು ಕಾದುದು ಕಾಗದಕ್ಕಿಂತ ಹೆಚ್ಚಾಗಿ ಗಿರಾಕಿಯ ಜ್ಞಾಪಕಶಕ್ತಿ. 1958ರಲ್ಲಿ ಹಳೆಯ ಕಾಯಿದೆಯ ಸ್ಥಾನದಲ್ಲಿ ಬೇರೊಂದು ಬಂದಿತು. ಈಗ ನಡೆಯುತ್ತಿರುವುದು 1999ರ ಕಾಯಿದೆ, ಅದು ಜಾರಿಗೆ ಬಂದುದು 2003ರ ಸೆಪ್ಟೆಂಬರ್ 15ರಂದು.

ಎಂತಹ ಹೆಸರಿಗೆ ರಕ್ಷಣೆ ಸಿಕ್ಕುವುದು? ಇದಕ್ಕೆ ಕಾಯಿದೆಯ ಉತ್ತರವು ನಮ್ಮ ಜನರ ರೂಢಿಗೆ ನೇರವಾಗಿ ವಿರುದ್ಧವಾಗಿದೆ. ನಮಗೆ ಬೇಕಾಗುವುದು ಸರಕಿನ ಗುಣವನ್ನು ಹೇಳುವ ಹೆಸರು: ‘ರುಚಿಕರ ಉಪ್ಪಿನಕಾಯಿ’, ‘ಶುದ್ಧ ತುಪ್ಪ’, ‘ಹಲಸೂರು ಕಾಫಿಪುಡಿ’. ಕಾಯಿದೆಯ ದೃಷ್ಟಿಯಲ್ಲಿ ಇವು ಅತ್ಯಂತ ದುರ್ಬಲ. ರುಚಿ, ಶುದ್ಧಿ, ಊರು ಇವನ್ನು ಹೇಳುವ ಶಬ್ದಗಳು ಅದೇ ವ್ಯಾಪಾರ ಮಾಡುವ ಪ್ರತಿಯೊಬ್ಬನಿಗೂ ಬೇಕಾದುವು. ಒಬ್ಬನಿಗೆ ಕೊಟ್ಟರೆ ಉಳಿದವರ ಬಾಯಿ ಕಟ್ಟಿದಂತಾಗುವುದು. ಬಹುಕಾಲದ ಬಳಕೆಯಿಂದ ಆ ಶಬ್ದವೇ ಒಬ್ಬನ ಗುರುತಾಗಿದೆಯೆಂದು ರುಜುವಾತು ಮಾಡಿದರೆ ಮಾತು ಬೇರೆ. ಯಾವ ಅರ್ಥವೂ ಇಲ್ಲದ, ತಾನೇ ಕಟ್ಟಿದ ಶಬ್ದಕ್ಕೆ ಬಲ ಹೆಚ್ಚು. 1888ರಲ್ಲಿ ಅಮೆರಿಕದ ಈಸ್ಟ್‌ಮನ್ ತನ್ನ ಕ್ಯಾಮರಾಗಳಿಗೆ ‘ಕೊಡಕ್’ ಎಂದು ಹೆಸರಿಟ್ಟಾಗ ಆ ಶಬ್ದಕ್ಕೆ ಯಾವ ಭಾಷೆಯಲ್ಲಿಯೂ ಅರ್ಥವಿರಲಿಲ್ಲ. ಅದೇ ಅದರ ಶಕ್ತಿ. ಇಂದಿರಾನಗರದ ನೂರಡಿ ರಸ್ತೆಯ ಹೊಸ ಅಂಗಡಿಗಳ ಹೆಸರುಗಳು ಹಿರಿಯರಿಗೆ ಅರ್ಥವಾಗುವುದಿಲ್ಲವೆಂದು ನಗುವವರುಂಟು. ಕಾಯಿದೆಯ ಮಟ್ಟಿಗೆ ಆ ತರುಣರೇ ಜಾಣರು.

ಅತಿಯಾದ ಪ್ರಸಿದ್ಧಿಯೂ ಒಮ್ಮೊಮ್ಮೆ ಹೆಸರನ್ನು ಕಳೆಯುವುದು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ‘ಕೆಫೆ ದರ್ಶಿನಿ’ ಎಂಬ, ನಿಂತು ತಿನ್ನುವ ಉಪಾಹಾರಗೃಹವನ್ನು ತೆರೆದರು. ಆ ಪದ್ಧತಿ ಎಷ್ಟು ಹಬ್ಬಿತೆಂದರೆ ಇಂದು ‘ದರ್ಶಿನಿ’ ಎಂಬುದು ಯಾವುದೋ ಒಂದು ಹೋಟೆಲಿನ ಹೆಸರಲ್ಲ. ಹೋಟೆಲಿನ ಒಂದು ಜಾತಿಯ ಹೆಸರು. ‘ಅಯ್ಯಂಗಾರ್ ಬೇಕರಿ’, ‘ಮಿಲಿಟರಿ ಹೋಟೆಲ್’ ಎಂಬುವೂ ಹಾಗೆಯೇ ಜನರ ಬಾಯಲ್ಲಿ ಸಾಮಾನ್ಯ ನಾಮಗಳಾಗಿಹೋಗಿವೆ. ಇವುಗಳ ಮುಂದೆ ತನ್ನದೇ ಆದ ಒಂದು ಶಬ್ದವನ್ನು ಸೇರಿಸಿಕೊಂಡರೆ ಆ ಶಬ್ದಕ್ಕೆ ರಕ್ಷಣೆಯನ್ನು ಬೇಡಬಹುದೇ ಹೊರತು ಉಳಿದ ಭಾಗಕ್ಕಲ್ಲ.

ಘೋಷವಾಕ್ಯದ ವಿಚಾರ ಇದಕ್ಕಿಂತ ಸೂಕ್ಷ್ಮ. ಹಲವರ ತಿಳಿವಳಿಕೆಯೇನೆಂದರೆ, ವಾಕ್ಯವನ್ನು ಬರೆದವನು ತಾನಾದ್ದರಿಂದ ಕವಿಗೆ ಕವಿತೆಯ ಮೇಲಿರುವಂತೆ ತನಗೂ ಗ್ರಂಥಸ್ವಾಮ್ಯವುಂಟೆಂಬುದು. ಬೆಂಗಳೂರಿನ ಗೋಂಝಿ ಆಕ್ಟಿವ್ ಎಂಬ ಚಿಕ್ಕ ಸಂಸ್ಥೆಗೂ ರೀಬಾಕ್ ಎಂಬ ಜಗತ್ಪ್ರಸಿದ್ಧ ಪಾದರಕ್ಷೆಯ ಕಂಪನಿಗೂ ‘ಐ ಆಮ್ ವಾಟ್ ಐ ಆಮ್’ ಎಂಬ ವಾಕ್ಯಕ್ಕಾಗಿ ವ್ಯಾಜ್ಯವಾಯಿತು. ಐದು ಸಣ್ಣ ಶಬ್ದಗಳ ಈ ಜಗಳವು ನಮ್ಮ ಹೈಕೋರ್ಟಿನವರೆಗೆ ಹೋಗಿ, 2007ರ ನ್ಯಾಯವರದಿಗಳಲ್ಲಿ ಸೇರಿದೆ. ಜಾಹೀರಾತಿನ ಇಂತಹ ತುಂಡುವಾಕ್ಯಕ್ಕೆ ಗ್ರಂಥಸ್ವಾಮ್ಯದ ಕಾಯಿದೆಯು ಸಾಮಾನ್ಯವಾಗಿ ರಕ್ಷಣೆ ಕೊಡದೆಂಬುದೇ ಅಲ್ಲಿನ ನಿರ್ಣಯದ ಸಾರ. ದೆಹಲಿಯ ಹೈಕೋರ್ಟು 2003ರಲ್ಲಿ ಪೆಪ್ಸಿ ಮತ್ತು ಕೋಕಾಕೋಲಾ ಕಂಪನಿಗಳ ನಡುವಣ ‘ಯೇ ದಿಲ್ ಮಾಂಗೇ ಮೋರ್’ ಎಂಬ ವಾಕ್ಯದ ಪ್ರಕರಣದಲ್ಲಿ ಹೆಚ್ಚುಕಡಮೆ ಅದನ್ನೇ ಹೇಳಿತು. ಜತೆಗೆ, ಗ್ರಂಥಸ್ವಾಮ್ಯದ ಬಾಗಿಲು ಮುಚ್ಚಿದ್ದರೂ ಬೇರೊಂದು ಬಾಗಿಲು ತೆರೆದಿರಬಹುದೆಂದು ಸೂಚಿಸಿತು. ಆ ವಾಕ್ಯವನ್ನು ಕೇಳಿದೊಡನೆ ಜನರಿಗೆ ಒಬ್ಬನೇ ವರ್ತಕನ ನೆನಪಾಗುವುದಾದರೆ, ಬೇರೊಬ್ಬನು ಅದನ್ನು ಬಳಸಿ ತನ್ನ ಸರಕನ್ನು ಅವನದೆಂಬಂತೆ ಸಾಗಿಸುವುದನ್ನು ತಡೆಯಬಹುದು. ಆದುದರಿಂದ ಘೋಷವಾಕ್ಯವನ್ನು ಕಾಯಬೇಕೆನ್ನುವವರು ಅದನ್ನು ವ್ಯಾಪಾರಮುದ್ರೆಯಾಗಿಯೇ ರಿಜಿಸ್ಟರು ಮಾಡಿಸಲು ಯತ್ನಿಸಬೇಕು. ‘ಮನೆಯ ರುಚಿ, ಮನೆಗೇ’ ಎಂಬಂತಹ, ಯಾರೂ ಹೇಳಬಹುದಾದ ವಾಕ್ಯಕ್ಕೆ ಅದು ದೊರೆಯುವುದು ಕಷ್ಟ. ಭೋಜನಶಾಲೆಯವರು ಮಾಡಿದಂತೆ ಹೆಸರು, ಚಿತ್ರ, ವಾಕ್ಯ ಮೂರನ್ನೂ ಒಂದೇ ಮುದ್ರೆಯಾಗಿ ಹೆಣೆದು ಕೇಳುವುದೊಂದು ಉಪಾಯ. ಆದರೆ ಆಗ ರಕ್ಷಣೆಯು ಆ ಒಟ್ಟಾರೆಯ ರೂಪಕ್ಕೆ. ವಾಕ್ಯವನ್ನು ಮಾತ್ರ ಕಿತ್ತುಕೊಂಡು ಹೋದವನನ್ನು ಹಿಡಿಯುವುದು ಸುಲಭವಲ್ಲ. ಕೈಯಲ್ಲಿ ಹಣವು ಸ್ವಲ್ಪವೇ ಇದ್ದರೆ, ಬರಿಯ ಅಕ್ಷರಗಳಲ್ಲಿ ಬರೆದ ಹೆಸರಿಗಾಗಿ ಮೊದಲ ಅರ್ಜಿಯನ್ನು ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ. ಚಿತ್ರವೂ ವಾಕ್ಯವೂ ಕಾಲಕ್ಕೆ ತಕ್ಕಂತೆ ಬದಲಾಗುವುವು, ಹೆಸರು ಬದಲಾಗದು.

ಅರ್ಜಿಯ ಕ್ರಮವು ಜನರು ಹೆದರುವಷ್ಟು ಗಹನವಾದುದಲ್ಲ. ದೇಶದಲ್ಲಿ ಈ ರಿಜಿಸ್ಟ್ರಿಯ ಕಚೇರಿಗಳು ಐದು: ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ, ಅಹಮದಾಬಾದು. ಬೆಂಗಳೂರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದ್ದು. ಆದರೆ ಅರ್ಜಿಯನ್ನು ಮನೆಯಲ್ಲಿ ಕುಳಿತೇ ಜಾಲತಾಣದ ಮೂಲಕ ಹಾಕಬಹುದಾದುದರಿಂದ ಪ್ರಯಾಣದ ಪ್ರಯಾಸವಿಲ್ಲ. ಅದೇ ಜಾಲತಾಣದಲ್ಲಿ, ಯಾವ ಶುಲ್ಕವೂ ಇಲ್ಲದೆ, ತಮ್ಮ ಹೆಸರನ್ನು ಹೋಲುವ ಹೆಸರು ಮೊದಲೇ ಇದೆಯೇ ಎಂದು ಹುಡುಕಬಹುದು. ಹಲಗೆ ಬರೆಯಿಸುವ ಮೊದಲೇ ಈ ಅರ್ಧಗಂಟೆಯ ಕೆಲಸವನ್ನು ಮಾಡಿದರೆ ಎಷ್ಟೋ ಸಂಕಟ ತಪ್ಪುವುದು. ಬರಹವು ಬೇರೆಯಾಗಿದ್ದು ಉಚ್ಚಾರಣೆ ಒಂದೇ ಆಗಿರುವ ಹೆಸರುಗಳನ್ನೂ ಹುಡುಕಬೇಕು. ಗಿರಾಕಿಯು ಕೇಳುವುದು ಕಿವಿಯಿಂದ.

ಸರಕುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ವಿಂಗಡಿಸಿದ್ದಾರೆ. 34 ಸರಕಿಗೆ, 11 ಸೇವೆಗೆ. ಮಸಾಲೆ, ಬ್ರೆಡ್ಡು, ಕಾಫಿ ಮುಂತಾದುವು 30ನೆಯ ವರ್ಗ, ಹಾಲಿನ ಪದಾರ್ಥ, ಮಾಂಸ, ಉಪ್ಪಿನಕಾಯಿ 29, ಸಾಬೂನು, ಊದುಬತ್ತಿ 3, ಉಡುಪು 25, ಪಾಠಶಾಲೆ 41, ಹೋಟೆಲು 43. ಬಿಡಿವ್ಯಕ್ತಿಗಳೂ ಸಣ್ಣ ಉದ್ಯಮಗಳೂ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ಇದು 2017ರ ನಿಯಮಗಳ ದರ. ಸಣ್ಣ ಉದ್ಯಮವೆಂದು ರಿಯಾಯಿತಿ ಪಡೆಯಲು ಉದ್ಯಮ್ ನೋಂದಣಿಯ ಪತ್ರ ಬೇಕಾಗುವುದು. ವಕೀಲರೇ ಹಾಕಬೇಕೆಂಬ ನಿರ್ಬಂಧವಿಲ್ಲ. ಕನ್ನಡ ಲಿಪಿಯ ಹೆಸರಾಗಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಆಂಗ್ಲದಲ್ಲೋ ಹಿಂದಿಯಲ್ಲೋ ತಿಳಿಸಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಹಲಗೆಯ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂಬ ಕಾಯಿದೆಯಾಗಿರುವುದರಿಂದ, ಆಂಗ್ಲ ಲಿಪಿಯ ಮುದ್ರೆಯನ್ನು ಮಾತ್ರ ರಿಜಿಸ್ಟರು ಮಾಡಿಸಿದ ವರ್ತಕರು ಬೀದಿಯಲ್ಲಿ ಮುಖ್ಯವಾಗಿ ತೋರುವುದು ಕನ್ನಡದ ರೂಪವೆಂಬುದನ್ನು ಗಮನಿಸಬೇಕು.

ಪರೀಕ್ಷಕರು ಆಕ್ಷೇಪವೆತ್ತಿದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು; ಈ ಗಡುವನ್ನು ಅಲಕ್ಷಿಸಿ ಅರ್ಜಿಯನ್ನು ಕೈಯಾರೆ ಕೆಡಿಸಿಕೊಳ್ಳಬಾರದು. ಅವರು ಒಪ್ಪಿದ ಮೇಲೆ ಮುದ್ರೆಯು ರಿಜಿಸ್ಟ್ರಿಯ ಜರ್ನಲ್ಲಿನಲ್ಲಿ ಪ್ರಕಟವಾಗುವುದು. ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ, ಅಥವಾ ವಿರೋಧಿಸಿ ಸೋತರೆ, ರಿಜಿಸ್ಟರಾಗುವುದು. ಅದರ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ. ಅವಧಿ ಹತ್ತು ವರ್ಷ, ಆ ಮೇಲೆ ಹಣ ಕಟ್ಟಿ ಮತ್ತೆ ಹತ್ತು ವರ್ಷ, ಹೀಗೆಯೇ ಎಷ್ಟು ಕಾಲವಾದರೂ. ಅಲ್ಲಿಯವರೆಗೆ ಹೆಸರಿನ ಪಕ್ಕದಲ್ಲಿ ‘ಟಿಎಮ್’ ಎಂದು ಬರೆಯಬಹುದು. ವೃತ್ತದೊಳಗಿನ ‘ಆರ್’ ಅಕ್ಷರವನ್ನು ರಿಜಿಸ್ಟರಾಗುವ ಮೊದಲೇ ಬಳಸಿದರೆ ಅದು ಸುಳ್ಳು ಹೇಳಿದಂತೆ, ಕಾಯಿದೆಯು ದಂಡಿಸುತ್ತದೆ.

ಇಲ್ಲಿ ಒಂದು ಬಲವಾದ ಭ್ರಾಂತಿಯನ್ನು ನಿವಾರಿಸಬೇಕು. ನಗರಪಾಲಿಕೆಯ ಲೈಸೆನ್ಸು ಇದೆ, ಜಿ.ಎಸ್.ಟಿ. ಸಂಖ್ಯೆ ಇದೆ, ಕಂಪನಿಯ ನೋಂದಣಿ ಇದೆ. ಆದುದರಿಂದ ಹೆಸರು ತಮ್ಮದೆಂದು ಬಹುಮಂದಿ ನಿಶ್ಚಿಂತರಾಗಿರುತ್ತಾರೆ. ಅವೆಲ್ಲವೂ ವ್ಯಾಪಾರ ಮಾಡಲು, ತೆರಿಗೆ ಕಟ್ಟಲು ಇರುವ ಪತ್ರಗಳು. ಹೆಸರಿನ ಒಡೆತನವನ್ನು ಅವು ಯಾರಿಗೂ ಕೊಡುವುದಿಲ್ಲ.

ರಿಜಿಸ್ಟರು ಮಾಡಿಸದವನಿಗೆ ಗತಿಯೇ ಇಲ್ಲವೇ ಎಂದರೆ, ಉಂಟು. ತಿರುನೆಲ್ವೇಲಿಯಲ್ಲಿ ‘ಇರುಟ್ಟುಕಡೈ’, ಎಂದರೆ ಕತ್ತಲೆಯ ಅಂಗಡಿ, ಎಂಬ ಹಲ್ವದ ಅಂಗಡಿಯಿದೆ. ಮಂದವಾದ ಬೆಳಕಿನಲ್ಲಿ ವ್ಯಾಪಾರ ನಡೆಯುತ್ತಿದ್ದುದರಿಂದ ಜನರೇ ಇಟ್ಟ ಹೆಸರದು. ಬೇರೊಬ್ಬರು ಆ ಹೆಸರಿಗೆ ಊರಿನ ಹೆಸರನ್ನು ಜೋಡಿಸಿ ತಾವೂ ರಿಜಿಸ್ಟರು ಮಾಡಿಸಿಕೊಂಡರು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೊದಲು ಬಳಸಿ ಕೀರ್ತಿಯನ್ನು ಗಳಿಸಿದವನ ಹಕ್ಕು ರಿಜಿಸ್ಟರಿನ ಪತ್ರಕ್ಕಿಂತ ಮೇಲೆಂದು ಸ್ಪಷ್ಟಪಡಿಸಿತು. ಇದು ಬಡವರ್ತಕನಿಗೆ ಅಭಯ. ಆದರೆ ಅದಕ್ಕೆ ಆಧಾರ ಬೇಕು. ಹಳೆಯ ಬಿಲ್ಲುಗಳು, ಅಚ್ಚುಕೂಟದ ರಸೀದಿ, ತಾರೀಖಿರುವ ಜಾಹೀರಾತು, ಹಲಗೆಯ ಭಾವಚಿತ್ರ, ಇವನ್ನು ಯಾರು ಜೋಪಾನವಾಗಿಟ್ಟಿರುತ್ತಾರೆ? ದೀಪಾವಳಿಗೆ ಮನೆ ಗುಡಿಸುವಾಗ ಮೊದಲು ಹೊರಬೀಳುವ ಕಾಗದಗಳು ಇವೇ. ರಿಜಿಸ್ಟರಾದವನು ಪತ್ರವನ್ನು ತೋರಿಸಿದರೆ ಸಾಕು. ಆಗದವನು ತನ್ನ ಪ್ರಸಿದ್ಧಿ, ಎದುರಾಳಿಯ ಮೋಸ, ತನಗಾದ ಹಾನಿ ಮೂರನ್ನೂ ಒಂದೊಂದಾಗಿ ರುಜುವಾತು ಮಾಡಬೇಕು. ಎರಡರ ಖರ್ಚಿಗೂ ಇರುವ ಅಂತರವನ್ನು ವಕೀಲರ ಕಚೇರಿಯಲ್ಲಿ ಕುಳಿತವರೇ ಬಲ್ಲರು.

ರಿಜಿಸ್ಟರಾದ ಮೇಲೂ ನಿದ್ರಿಸುವಂತಿಲ್ಲ. ಐದು ವರ್ಷಕ್ಕೂ ಮೇಲ್ಪಟ್ಟು ಬಳಸದಿದ್ದರೆ ಮುದ್ರೆಯನ್ನು ತೆಗೆಸಿಹಾಕಬಹುದು. ಬೇರೊಬ್ಬನು ರಿಜಿಸ್ಟರು ಮಾಡಿಸಿ ಬಳಸುತ್ತಿರುವುದನ್ನು ಕಂಡೂ ಐದು ವರ್ಷ ಒಂದೇ ಸಮನೆ ಸುಮ್ಮನಿದ್ದವನು, ಅವನು ಕಪಟದಿಂದ ಮಾಡಿಸಿದ್ದಲ್ಲದಿದ್ದರೆ, ಆಮೇಲೆ ತಡೆಯಲಾರನು. ಒಂದು ಶತಮಾನದ ಕೀರ್ತಿಯಿರುವ ಮೈಸೂರು ಸ್ಯಾಂಡಲ್ ಸಾಬೂನಿಗೂ 2024ರಲ್ಲಿ ಹೈದರಾಬಾದಿನಲ್ಲಿ ನಕಲಿ ತಯಾರಕರನ್ನು ಹಿಡಿಸಬೇಕಾಯಿತು.

ಕಡೆಯದಾಗಿ ಮನೆತನದ ವಿಚಾರ. ಹೊರಗಿನವರ ಕಳ್ಳತನಕ್ಕಿಂತ ಒಳಗಿನವರ ಪಾಲಿನಿಂದ ಕೆಟ್ಟ ಹೆಸರುಗಳೇ ಹೆಚ್ಚೆಂದು ನನಗೆ ತೋರುತ್ತದೆ. ತಂದೆಯು ಹಲಸೂರಿನಲ್ಲಿ ಒಂದು ಮಿಠಾಯಿಯ ಅಂಗಡಿಯನ್ನು ನಡೆಸಿ ಕಾಲವಾದನೆಂದು ಇಟ್ಟುಕೊಳ್ಳೋಣ. ಅಂಗಡಿಯು ಹಿರಿಯನಿಗೆ, ಕೃಷ್ಣರಾಜಪುರದ ನಿವೇಶನವು ಕಿರಿಯನಿಗೆ. ಕಿರಿಯನು ಆ ನಿವೇಶನದಲ್ಲಿ ಅದೇ ಹೆಸರಿನ ಅಂಗಡಿ ತೆರೆದರೆ ತಡೆಯುವವರಾರು? ಅವನೂ ಆ ತಂದೆಯ ಮಗನೇ. ಇಬ್ಬರಲ್ಲಿ ಒಬ್ಬನು ಸದ್ದಿಲ್ಲದೆ ಹೆಸರನ್ನು ತನ್ನೊಬ್ಬನ ಹೆಸರಿಗೆ ರಿಜಿಸ್ಟರು ಮಾಡಿಸಿಕೊಂಡರೆ, ಹಬ್ಬಕ್ಕೆ ಒಂದೇ ಎಲೆಯ ಸಾಲಿನಲ್ಲಿ ಕುಳಿತವರು ಕೋರ್ಟಿನಲ್ಲಿ ಎದುರುಬದರಾಗಿ ನಿಲ್ಲುವರು. ಇದನ್ನು ವಿವೇಕದಿಂದ ನಡೆಸಬಹುದೆಂಬುದಕ್ಕೆ ನಮ್ಮ ಊರಿನ ಎಂ.ಟಿ.ಆರ್. ಉದಾಹರಣೆಯಾಗಿದೆ. 1924ರಲ್ಲಿ ಆರಂಭವಾದ ಆ ಉಪಾಹಾರಗೃಹದ ಹೆಸರಿನಲ್ಲಿ ಬೆಳೆದ ಸಿದ್ಧ ತಿನಿಸುಗಳ ಉದ್ಯಮವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯು ಕೊಂಡಿತು. ಉಪಾಹಾರಗೃಹಗಳು ಮಯ್ಯ ಕುಟುಂಬದಲ್ಲಿಯೇ ಉಳಿದುವು. ಒಂದೇ ಮೂರಕ್ಷರದ ಹೆಸರು ಪೊಟ್ಟಣದ ಮೇಲೆ ಒಬ್ಬರದು, ಹೋಟೆಲಿನ ಹಲಗೆಯ ಮೇಲೆ ಇನ್ನೊಬ್ಬರದು. ಪೊಟ್ಟಣದ ಉದ್ಯಮವನ್ನು ಬೆಳೆಸಿದ ಸದಾನಂದ ಮಯ್ಯರು ಆ ಬಳಿಕ ಮತ್ತೊಂದು ಉದ್ಯಮವನ್ನು ಕಟ್ಟಿದಾಗ ಅದಕ್ಕೆ ಇಟ್ಟುದು ‘ಮಯ್ಯಾಸ್’ ಎಂಬ ಬೇರೆಯೇ ಹೆಸರು.

ವ್ಯಾಪಾರಮುದ್ರೆಯನ್ನು ಮನೆಯಂತೆ, ಹೊಲದಂತೆ ಮಾರಬಹುದು, ದಾನ ಮಾಡಬಹುದು, ಮರಣಶಾಸನದಲ್ಲಿ ಬರೆದಿಡಬಹುದು, ಇಬ್ಬರು ಜತೆಯಾಗಿ ಹೊಂದಲೂಬಹುದು. ಅರ್ಜಿ ಹಾಕುವಾಗಲೇ ಅದು ಯಾರ ಹೆಸರಿನಲ್ಲಿರಬೇಕು, ಗಂಡನದೋ, ಹೆಂಡತಿಯದೋ, ಪಾಲುದಾರಿಕೆಯ ಸಂಸ್ಥೆಯದೋ ಎಂಬುದನ್ನು ನಿರ್ಧರಿಸಬೇಕು. ಪುಡಿ ಕುಟ್ಟುವವಳು ಒಬ್ಬಳು, ಪತ್ರದಲ್ಲಿರುವ ಹೆಸರು ಇನ್ನೊಬ್ಬರದು ಎಂಬಂತಾಗುವುದು ಅಪರೂಪವೇನಲ್ಲ. ವಿಭಾಗಪತ್ರವನ್ನು ಬರೆಯಿಸುವಾಗ ಪಾತ್ರೆ ಪರಡಿಗಳ ಪಟ್ಟಿಯೊಡನೆ ಹೆಸರು ಯಾರಿಗೆ, ಯಾವ ಸರಕಿಗೆ ಎಂಬ ಎರಡು ಸಾಲನ್ನು ಸೇರಿಸಬೇಕು. ಒಡೆತನ ಬದಲಾದ ಮೇಲೆ ಆ ಪತ್ರದ ಪ್ರತಿಯನ್ನು ಟಿಎಮ್-ಪಿ ಎಂಬ ನಮೂನೆಯೊಡನೆ ರಿಜಿಸ್ಟ್ರಿಗೆ ಕಳುಹಿಸಿದರೆ ಹೊಸ ಒಡೆಯನ ಹೆಸರು ರಿಜಿಸ್ಟರಿಗೆ ಏರುವುದು.